ಶಾಲೆ ಬಿಟ್ಟು ಶಾಲೆಗೆ ಹೋದ ಸುಂದರಾಬಾಯಿಯವರು

ಖಾನಾಪುರ ತಾಲೂಕಿನಲ್ಲಿ ಹೆರಿಗೆಯ ಹೊತ್ತಿಗೆ ನರ್ಸಬಾಯಿಗೆ ಹೇಳಿ ಕಳಿಸುವುದು ಈಗ ಒಲೆಯ ಮೇಲೆ ನೀರಿಡುವಷ್ಟೇ ಸಹಜವಾದ ಸಂಗತಿಯಾಗಿದೆ. ಅದು ಸಹಜವಲ್ಲದ ಕಾಲವೊಂದಿತ್ತು ಎಂಬುದನ್ನೂ, ಆ ಕಾಲವನ್ನು ತಮ್ಮ ಎರಡು ಕೈಗಳಿಂದ ಹಿಂದಕ್ಕೆ ತಳ್ಳಿದವರಲ್ಲಿ ಶ್ರೀಮತಿ ಸುಂದರಾಬಾಯಿ ಉಪಾಧ್ಯೆಯವರು ಅಗ್ರಗಣ್ಯರು ಎಂಬುದನ್ನೂ ಈ ಅಭಿನಂದನ ಗ್ರಂಥದ ಇತರ ಲೇಖಕರು ಸವಿಸ್ತಾರವಾಗಿ ಬರೆದಿರುತ್ತಾರೆ. ಅವರ ತಾಳ್ಮೆಯನ್ನು ಹೊಗಳಿರುತ್ತಾರೆ, ಹಸನ್ಮುಖವನ್ನು ಹೊಗಳಿರುತ್ತಾರೆ, ತ್ಯಾಗವನ್ನಂತೂ ಪ್ರತಿ ಪುಟದಲ್ಲಿಯೂ ಹೊಗಳಿರುತ್ತಾರೆ. ಸಂಪಾದಕರು ಲೇಖನ ಬೇಡಿ ಬರೆದಾಗಲೇ ‘ತ್ಯಾಗಮಯಿ’ ಎಂಬ ವಿಶೇಷಣವನ್ನು ಮುಂದಾಗಿ ಜೋಡಿಸಿ ಕಳಿಸಿದ್ದರು. ಅದನ್ನು ಓದಿ ಈ ಲೇಖಕಿಗೆ ಮೈ ಉರಿಯಿತು. ತಾನಾಗಿ ಬಿಟ್ಟುಕೊಟ್ಟದ್ದನ್ನು ತ್ಯಾಗವೆನ್ನಬಹುದು. ಸುಂದರಾಬಾಯಿಯವರು ತಾವಾಗಿ ಬಿಟ್ಟದ್ದು ಒಂದು ನೌಕರಿಯನ್ನು ಮಾತ್ರ. ಉಳಿದದ್ದನ್ನೆಲ್ಲ ಅವರಿಂದ ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡವರ ಮನೆಯವರೇ ಇಂದು ಹೂಮಾಲೆ ಹಿಡಿದು ನಿಂತಿರುವಾಗ, ನಡೆದದ್ದನ್ನು ನಡೆದ ಹಾಗೆ ಯಾರಾದರೊಬ್ಬರು ಹೇಳಲೇಬೇಕು.

ಸುಂದರಾಬಾಯಿಯವರು ಖಾನಾಪುರದ ಬಸದಿಯಲ್ಲಿ ತಲೆಮಾರುಗಳಿಂದ ಪೂಜೆ ನಡೆಸಿಕೊಂಡು ಬಂದ ಉಪಾಧ್ಯೆ ಮನೆತನದಲ್ಲಿ ಹುಟ್ಟಿದರು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅವರನ್ನು ಅಣ್ಣ ಜಿನಪ್ಪ ಉಪಾಧ್ಯೆಯವರು ಮೂಲೆಗೆ ಕೂರಿಸಲಿಲ್ಲ. ಬೆಳಗಿನ ಅಭಿಷೇಕ ಮುಗಿಸಿ ಬಂದು, ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಕನ್ನಡವನ್ನೂ ಮರಾಠಿಯನ್ನೂ ತಾವೇ ಕಲಿಸಿದರು. ಮುಂದೆ ಧಾರವಾಡಕ್ಕೆ ಕಳಿಸಿ ಶಿಕ್ಷಕಿಯ ತರಬೇತಿ ಕೊಡಿಸಿದರು. ಹೀಗೆ ಅವರು ಖಾನಾಪುರದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ, ಹುಡುಗಿಯರ ಬಾಯಲ್ಲಿ ‘ಬಾಯಾರು’ ಆಗಿ ಬಂದರು. ಅವರ ಕೈಕೆಳಗೆ ಕಲಿತ ಹುಡುಗಿಯರಲ್ಲಿ ಈ ಲೇಖಕಿಯೂ ಒಬ್ಬಳು. ಕಾಂತಾ ಎಂಬ ಹೆಸರಿನ ಆ ಹುಡುಗಿಗೆ ಗಣಿತ ಅಷ್ಟಕ್ಕಷ್ಟೇ, ಬಾಯಿ ಮಾತ್ರ ಜೋರು ಎಂದು ಬಾಯಾರು ಈಗಲೂ ಹೇಳುವುದುಂಟು.

ಅದೇ ಶಾಲೆಯಲ್ಲಿ ಪದ್ಮವ್ವ ಎಂಬ ಕುರುಬರ ಹುಡುಗಿಯೊಬ್ಬಳು ಓದುತ್ತಿದ್ದಳು. ಅವಳನ್ನು ಶಾಲೆಗೆ ಕಳಿಸುವಂತೆ ಒಪ್ಪಿಸಲು ಬಾಯಾರು ಅವರ ಹಟ್ಟಿಗೆ ಎಷ್ಟೋ ಸಲ ಎಡತಾಕಿದ್ದರು. ಓದು ಚೆನ್ನಾಗಿ ಹತ್ತುತ್ತಿದೆ ಎನ್ನುವಾಗಲೇ ಮದುವೆಯಾಯಿತು, ಎರಡು ವರ್ಷಕ್ಕೆ ಬಸುರಿಯಾಗಿ ತವರಿಗೆ ಬಂದಳು. ನೋವು ಹಿಡಿದು ಮರುದಿನವಾದರೂ ಕೂಸು ಬರಲಿಲ್ಲ. ಹುಡುಗಿ ಬಾಯಾರನ್ನು ಕೇಳುತ್ತಿದ್ದಾಳೆಂದು ಹೇಳಿ ಕಳಿಸಿದರು. ಬಾಯಾರು ಹೋಗುವಾಗ ದವಾಖಾನೆಯ ಡಾಕ್ಟರರನ್ನೂ ಕರೆದುಕೊಂಡು ಹೋದರು. ಗಂಡಸು ಎಂಬ ಕಾರಣಕ್ಕೆ ಮನೆಯವರು ಅವರನ್ನು ಒಳಗೆ ಬಿಡಲಿಲ್ಲ. ಕಿಟಕಿಯಿಲ್ಲದ ಕೋಣೆಯ ಒಳಗೆ ಹುಡುಗಿ ನರಳುತ್ತಿದ್ದಳು, ಚಿಕಿತ್ಸೆ ಬಲ್ಲವರು ಹೊರಗಿನ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದರು. ಸಂಜೆಯ ಹೊತ್ತಿಗೆ ಪದ್ಮವ್ವ ಬಾಯಾರ ಕೈ ಹಿಡಿದುಕೊಂಡೇ ತೀರಿಹೋದಳು. ದೇವರ ಇಚ್ಛೆ ಎಂದು ನೆರೆದವರು ಸಮಾಧಾನ ಹೇಳಿದರು. ಎಂಥ ಇಚ್ಛೆ! ಡಾಕ್ಟರರಿಗೂ ಆ ಹುಡುಗಿಗೂ ನಡುವೆ ಇದ್ದದ್ದು ಒಂದು ಕದ, ಅದನ್ನು ಮುಚ್ಚಿದವರು ಮನುಷ್ಯರು.

ಬಾಯಾರು ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ವರ್ಷದ ಮರುವರ್ಷ, ಅಂದರೆ ೧೯೨೫ರಲ್ಲಿ, ಖಾಯಂ ಆಗಿದ್ದ ಶಿಕ್ಷಕಿಯ ನೌಕರಿಗೆ ರಾಜೀನಾಮೆ ಕೊಟ್ಟು ಬೆಳಗಾವಿಯ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆಯ ಬಾಗಿಲಲ್ಲಿ ಹೋಗಿ ನಿಂತರು. ಆಗ ಅವರಿಗೆ ವಯಸ್ಸು ಮೂವತ್ತು ದಾಟಿತ್ತು. ಊರೆಲ್ಲ ನಕ್ಕಿತು. ಪಾಠ ಹೇಳುತ್ತಿದ್ದ ಬಾಯಾರು ಪಾಠ ಕೇಳಲು ಹೊರಟರೆಂದು, ಅದೂ ಹೊಲಸು ತೊಳೆಯುವ ಕೆಲಸ ಕಲಿಯಲು ಹೊರಟರೆಂದು, ನದಿಯಲ್ಲಿ ಬಟ್ಟೆ ಒಗೆಯುವವರಿಗೂ ಅದೇ ಮಾತಾಯಿತು. ಅಲ್ಲಿನ ಮೇಟ್ರನ್ ಬಾಯಿಯವರೂ ನಗದೆ ಬಿಡಲಿಲ್ಲ. ಹದಿನೆಂಟರ ಹುಡುಗಿಯರ ಜೊತೆ ಈ ವಯಸ್ಸಿನಲ್ಲಿ ಓಡಾಡಲಾದೀತೇ ಎಂದು ಕೇಳಿದರು. ಬಾಯಾರು ಕೊಟ್ಟ ಉತ್ತರವನ್ನು ಅಲ್ಲಿ ಆಗಲೇ ಕಲಿಯುತ್ತಿದ್ದ ಕಾಂತಾ ಕಿವಿಯಾರೆ ಕೇಳಿದಳು.

“ಅವರು ಓಡ್ಕೋತ ಬರ್ತಾರ್ರಿ, ನಾ ನಡ್ಕೋತ ಬರ್ತೇನಿ. ಬ್ಯಾನಿ ಬಿದ್ದವರ ಬಾಜು ಬಂದು ನಿಂತ ಮ್ಯಾಲೆ ಇಬ್ಬರೂ ನಿಂತಂಗ ಆತಲ್ರಿ.”

ಮೇಟ್ರನ್ ಬಾಯಿಯವರು ಪ್ರಯೋಗಕ್ಕೆಂದು ಸೇರಿಸಿಕೊಂಡರು. ಓದಿದ ಹೆಂಗಸು ತಾನಾಗಿ ಬಂದು ಕಲಿಯುತ್ತೇನೆಂದರೆ ಅದಕ್ಕೂ ಪ್ರಯೋಗ ಬೇಕಾಯಿತು! ಆ ಶಾಲೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಮೇಲಿನ ತರಗತಿಯ ಹುಡುಗಿ ಕೋಣೆಗೆ ಬಂದರೆ ಕೆಳಗಿನ ತರಗತಿಯವರು ಎದ್ದು ನಿಲ್ಲಬೇಕು, ಅವಳು ಕುಳಿತ ಮೇಲೆ ಕೂರಬೇಕು. ಕಾಂತಾ ಅವರಿಗಿಂತ ಒಂದು ವರ್ಷ ಮೊದಲೇ ಸೇರಿದ್ದಳು. ಮೊದಲ ದಿನ ಅವಳು ಕೋಣೆಗೆ ಕಾಲಿಟ್ಟಾಗ ಬಾಯಾರು ಎದ್ದು ನಿಂತರು. ತನಗೆ ಅಕ್ಷರ ಕಲಿಸಿದವರು ತನ್ನೆದುರು ಎದ್ದು ನಿಂತದ್ದನ್ನು ಕಂಡು ಹುಡುಗಿ ಬಂದ ಬಾಗಿಲಿಗೇ ಹಿಂದೆ ಸರಿದಳು. ಬಾಯಾರ, ಕುಂದರ್ರಿ, ನನಗ ಪಾಪ ಹತ್ತೀತು ಎಂದು ಅಳುವುದೊಂದೇ ಬಾಕಿ.

“ಇಲ್ಲಿ ನಾ ನಿನಗಿಂತ ಸಣ್ಣಾಕಿ,” ಎಂದರು ಬಾಯಾರು. “ನಿಯಮ ಐತಿ, ನಿಂತೀನಿ. ಅಳೂದು ಸಾಕು. ಪಟ್ಟಿ ಕಟ್ಟೂದು ಹೆಂಗ, ತೋರಸು.”

ಅವರಿಗೆ ಕಷ್ಟವಾದದ್ದು ನಿಲ್ಲುವುದಾಗಲಿ ತೊಳೆಯುವುದಾಗಲಿ ಅಲ್ಲ. ಜೈನರ ಮನೆಯಲ್ಲಿ ಬೆಳೆದ ಅವರು ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಬಾಯಿಗಿಡುವವರಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ದೀಪ ಹಚ್ಚಿದ ಮೇಲೆಯೇ ಊಟದ ಗಂಟೆ ಬಾರಿಸುತ್ತಿದ್ದರು. ಒಬ್ಬರಿಗಾಗಿ ಗಂಟೆ ಬದಲಿಸಲಾಗದು ಎಂದರು. ಗಂಟೆಯನ್ನು ಬದಲಿಸಿರೆಂದು ಕೇಳಿದವರಾದರೂ ಯಾರು? ಎರಡು ಭಾಕರಿ ಮೊದಲೇ ಎತ್ತಿಡಿರೆಂದಷ್ಟೇ ಕೇಳಿದ್ದರು. ಅದಕ್ಕೆ ಅನುಮತಿ ಸಿಗುವುದರೊಳಗೆ ಮೊದಲ ವರ್ಷ ಕಳೆದೇಹೋಯಿತು. ಅಷ್ಟೂ ಕಾಲ ಅವರು ಹೆಚ್ಚಾಗಿ ಮಧ್ಯಾಹ್ನದ ಊಟದ ಮೇಲೆಯೇ ದಿನ ದೂಡಿದರು. ಕಾಂತಾ ತನ್ನ ಬಿಡುವಿನಲ್ಲಿ ಅವರ ವಾರ್ಡು ನೋಡಿಕೊಂಡು, ಅವರನ್ನು ಸಂಜೆಗೆ ಮುಂಚೆ ಅಡುಗೆಮನೆಗೆ ಓಡಿಸಿದ ದಿನಗಳೂ ಉಂಟು. ಸಿಕ್ಕಿಬಿದ್ದು ಇಬ್ಬರೂ ಬೈಸಿಕೊಂಡದ್ದೂ ಉಂಟು. ಬೈಸಿಕೊಂಡು ಹೊರಬಂದ ಮೇಲೆ ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಅಷ್ಟು ಸಣ್ಣ ಹುಡುಗಿಯ ಹಾಗೆ ನಕ್ಕದ್ದನ್ನು ಕಾಂತಾ ಆ ಮೊದಲು ನೋಡಿರಲಿಲ್ಲ.

ಬೆಳಗಾವಿಯವರು ಒಡ್ಡಿದ ಅಡ್ಡಿಯನ್ನು ಹೀಗೆ ನಕ್ಕು ದಾಟಬಹುದಾಗಿತ್ತು. ಖಾನಾಪುರದವರು ಒಡ್ಡಿದ್ದು ನಗುವಂಥದಾಗಿರಲಿಲ್ಲ. ಎರಡನೆಯ ವರ್ಷ ಬಾಯಾರು ಹೆರಿಗೆ ವಾರ್ಡಿಗೆ ಹೋಗತೊಡಗಿದರು. ಆ ಭಾದ್ರಪದದಲ್ಲಿ ಬಂದ ಜೈನರ ಪರ್ವಕ್ಕೆ ರಜೆ ಪಡೆದು ರೈಲು ಹತ್ತಿ ಊರಿಗೆ ಬಂದರು. ಊರವಳೇ ಆದ ಕಾಂತಾಳೂ ಜೊತೆಗೆ ಬಂದಳು. ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಅಕ್ಷತೆಯ ತಟ್ಟೆ ಹಿಡಿದು ಬಸದಿಗೆ ಹೋದ ಬಾಯಾರನ್ನು ಬಾಗಿಲಲ್ಲಿಯೇ ತಡೆದರು. ಹೆರಿಗೆ ಮುಟ್ಟುವವಳಿಗೆ ಸೂತಕ, ಒಳಗೆ ಬರುವಂತಿಲ್ಲ ಎಂದರು. ಅಷ್ಟಕ್ಕೇ ಬಿಡದೆ ಮಧ್ಯಾಹ್ನ ಬಸದಿಯ ಪಂಚರು ಉಪಾಧ್ಯೆಯವರ ಮನೆಯ ಪಡಸಾಲೆಗೆ ಬಂದು ಕುಳಿತರು. ಅವರಲ್ಲಿ ಹಿರಿಯರಾದ ಪಾರೀಸಪ್ಪ ಶೆಟ್ಟರು ಬಹಳ ಮೃದುವಾಗಿ ಮಾತಾಡಿದರು. ಕತ್ತು ಕೊಯ್ಯುವ ಮಾತನ್ನು ಮೃದುವಾಗಿ ಆಡುವುದರಲ್ಲಿ ಅವರದು ಎತ್ತಿದ ಕೈ.

“ನೋಡ್ರಿ ಉಪಾಧ್ಯೇರ, ನಿಮ್ಮ ತಂಗಿ ಹೆರಿಗಿ ಮಾಡಸ್ಲಿ, ನಾವು ಬ್ಯಾಡ ಅನ್ನಾಂಗಿಲ್ಲ. ಆದ್ರ ಆಕಿ ಈ ಮನಿಗೆ ಬಂದು ಹೋಗೂ ತನಕಾ ಈ ಮನಿಗೂ ಸೂತಕ. ಸೂತಕದ ಕೈಲೆ ನೀವು ಮೂರ್ತಿ ಮುಟ್ಟೂದು ಹೆಂಗ? ತಂಗಿನ ಇಟ್ಕೋರಿ, ಇಲ್ಲಾ ಪೂಜಿ ಇಟ್ಕೋರಿ.”

ಸೂತಕದ ಕಟ್ಟಳೆ ಜಿನಪ್ಪನವರಿಗೆ ಗೊತ್ತಿರದ್ದೇನಲ್ಲ. ಹೆತ್ತ ಮನೆಯವರಿಗೆ ಹತ್ತು ದಿನ, ಮುಟ್ಟಿದ ಹೊರಗಿನವರಿಗೆ ಮೈ ತೊಳೆದರೆ ಮುಗಿಯಿತು. ತಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಹೀಗೆಯೇ ಹೇಳುತ್ತ ಬಂದಿದ್ದಾರೆಂದು ಅವರು ಶಾಂತವಾಗಿ ತಿಳಿಸಿದರು. ಇಂದು ಮೈ ತೊಳೆದವಳು ನಾಳೆ ಮತ್ತೆ ಮುಟ್ಟುತ್ತಾಳಲ್ಲ, ಆದ್ದರಿಂದ ಇದು ಮುಗಿಯದ ಸೂತಕ ಎಂದು ಶೆಟ್ಟರು ಹೊಸ ಕಟ್ಟಳೆಯನ್ನೇ ಹೆಣೆದರು. ಜೈನ ಸಮಾಜದವರೇ ಆದ ಡಾಕ್ಟರರೊಬ್ಬರು ಬೆಳಗಾವಿಯಲ್ಲಿ ದಿನಾ ಹೆಣ ಕೊಯ್ದು, ರೋಗಿಗಳನ್ನು ಮುಟ್ಟಿ, ಹಬ್ಬಕ್ಕೆ ಬಂದಾಗ ಮೊದಲ ಸಾಲಿನಲ್ಲಿ ನಿಂತು ಅಭಿಷೇಕ ಮಾಡಿಸುತ್ತಿದ್ದರು, ಅವರಿಗೆ ಸೂತಕವಿರಲಿಲ್ಲ. ಶೆಟ್ಟರದೇ ಎಮ್ಮೆ ಈದ ದಿನ ಅವರು ಸ್ವತಃ ಕರು ಎಳೆದು, ಬಾವಿಯ ಬಳಿ ನಾಲ್ಕು ಕೊಡ ನೀರು ಸುರಿದುಕೊಂಡು, ನೆಟ್ಟಗೆ ಬಸದಿಗೆ ಬಂದದ್ದನ್ನು ಗಲ್ಲಿಯೆಲ್ಲ ನೋಡಿತ್ತು; ಅವರಿಗೂ ಸೂತಕವಿರಲಿಲ್ಲ. ಅದೆಲ್ಲ ಒಟ್ಟಾಗಿ ಬಂದು ಕುಳಿತದ್ದು ಗಂಡನಿಲ್ಲದ, ತನ್ನ ದುಡಿಮೆಯನ್ನು ತಾನೇ ಆರಿಸಿಕೊಂಡ ಒಬ್ಬ ಹೆಂಗಸಿನ ತಲೆಯ ಮೇಲೆ. ಅವರು ನೌಕರಿ ಬಿಟ್ಟದ್ದನ್ನೂ, ಯಾರನ್ನೂ ಕೇಳದೆ ಬಿಟ್ಟದ್ದನ್ನೂ ಪಂಚರಿಗೆ ಸಹಿಸಲಾಗಿರಲಿಲ್ಲ. ಸೂತಕ ನೆಪಕ್ಕೆ ಸಿಕ್ಕಿತು.

ಪಂಚರು ಎದ್ದು ಹೋದ ಮೇಲೆ ಬಾಯಾರು ಅಣ್ಣನೆದುರು ಬಂದು ಕುಳಿತರು. ಪೂಜೆಯೆಂದರೆ ಜಿನಪ್ಪನವರಿಗೆ ಹೊಟ್ಟೆಪಾಡಿನ ಕೆಲಸವಷ್ಟೇ ಆಗಿರಲಿಲ್ಲ. ಬೆಳಗಾದರೆ ಬೇರೆ ಏನು ಮಾಡಬೇಕೆಂಬುದೇ ಅವರಿಗೆ ತಿಳಿಯದು. ಅದನ್ನು ಬಾಯಾರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಶಾಲೆಯಲ್ಲಿ ತಮ್ಮ ಜಾಗ ಇನ್ನೂ ತುಂಬಿಲ್ಲ, ನಾಳೆಯೇ ಹೋಗಿ ಕೇಳಿಕೊಳ್ಳುತ್ತೇನೆ, ಕಲಿತದ್ದು ಇಷ್ಟಕ್ಕೇ ಸಾಕು ಎಂದರು. ಜನ್ಮದಲ್ಲಿ ತಂಗಿಯನ್ನು ಗದರಿಸದ ಅಣ್ಣ ಆಗ ಗದರಿಸಿದರು.

“ಆ ಹುಡುಗಿ ಮನಿಯಿಂದ ಬಂದ ದಿನಾ ನೀ ಉಪಾಸ ಮಲಗಿದ್ದನ್ನ ನಾ ನೋಡೇನಿ, ಸುಂದರಾ. ಪೂಜಿ ಮಾಡಾಕ ಇನ್ನೊಬ್ಬ ಸಿಗ್ತಾನ. ನೀ ಅರ್ಧಕ್ಕ ಬಿಟ್ಟ ಬಂದ್ರ ಈ ಊರಾಗ ಇದನ್ನ ಕಲಿಯಾಕ ಮುಂದ ಇನ್ನೊಬ್ಬಾಕಿ ಹೋಗಾಂಗಿಲ್ಲ. ಏಳು, ಗಾಡಿ ತಪ್ಪತೈತಿ.”

ಆ ಸಂಜೆ ಜಿನಪ್ಪನವರು ಗರ್ಭಗುಡಿಯ ಕೀಲಿಯನ್ನು ಶೆಟ್ಟರ ಮನೆಯ ಹೊಸ್ತಿಲ ಮೇಲಿಟ್ಟು ಬಂದರು. ಬೇಡವೆನ್ನಲು ಯಾರೂ ಬರಲಿಲ್ಲ. ಮುಂದಿನ ತಿಂಗಳು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಲಸಿಯಲ್ಲಿದ್ದ ಮಾವನ ಹೊಲಕ್ಕೆ ಹೋದರು. ನೇಗಿಲು ಹಿಡಿದು ಗೊತ್ತಿಲ್ಲದ ಅಂಗೈ ಬೊಬ್ಬೆಯೆದ್ದಾಗ, ಅದಕ್ಕೆ ಪಟ್ಟಿ ಕಟ್ಟಲು ಬಾಯಾರೇ ಹೋಗಬೇಕಾಯಿತು. ಆಮೇಲೆ ಅವರು ಖಾನಾಪುರದ ಸಂತೆಗೆ ಬರುತ್ತಿದ್ದರು, ಬಸದಿಯ ಮುಂದೆಯೇ ಹಾದುಹೋಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ತಂಗಿಗಿಲ್ಲದ ಬಾಗಿಲು ತನಗೂ ಬೇಡ ಎನ್ನುತ್ತಿದ್ದರು.

ಬಾಯಾರು ೧೯೨೮ರಲ್ಲಿ ತರಬೇತಿ ಮುಗಿಸಿ ಖಾನಾಪುರದ ದವಾಖಾನೆಗೇ ನರ್ಸಾಗಿ ಬಂದರು. ಅಲ್ಲಿಂದ ಮುಂದಿನ ಸೇವೆಯ ವೃತ್ತಾಂತವನ್ನು ಇತರರು ಬರೆದಿದ್ದಾರೆ. ಇಲ್ಲಿ ಒಂದೇ ಮಾತು ಸಾಕು. ಬಸದಿಯ ಬಾಗಿಲಲ್ಲಿ ಅವರನ್ನು ತಡೆದ ಯಾವ ಮನೆಯೂ ತನ್ನ ಸೊಸೆಗೆ ನೋವು ಬಂದಾಗ ಅವರನ್ನು ಕರೆಸದೆ ಉಳಿಯಲಿಲ್ಲ. ಶೆಟ್ಟರ ಮನೆಯವರು ಹಿತ್ತಲ ಕಡೆಯಿಂದ ಬರಬೇಕೆಂದು ಹೇಳಿ ಕಳಿಸಿದರು. ಬಾಯಾರು ಮುಂಬಾಗಿಲಿಂದಲೇ ನಡೆದು ಹೋಗಿ, ಬಾಣಂತಿ ಕೋಣೆಯ ಕಿಟಕಿಗೆ ಬಡಿದಿದ್ದ ಹಲಗೆಯನ್ನು ಕೀಳಿಸಿ, ಮೊಮ್ಮಗನನ್ನು ಹೊರತೆಗೆದು ಅದೇ ಶೆಟ್ಟರ ಕೈಗೆ ಕೊಟ್ಟು ಬಂದರು. ಆ ಕೂಸಿನ ನಾಮಕರಣಕ್ಕೆ ಅವರಿಗೆ ಕರೆ ಬರಲಿಲ್ಲ. ಹಾಗಿದ್ದರೂ ಅವರು ಆ ಮನೆಯ ಮುಂದಿನ ಹೆರಿಗೆಗೆ ಹೋದರು. ಇದನ್ನು ತಾಳ್ಮೆಯೆಂದು ಹೊಗಳುವವರು, ಅಂಥ ತಾಳ್ಮೆ ಬೇಕಾಗುವಂತೆ ಮಾಡಿದವರ ಬಗ್ಗೆ ಒಂದಕ್ಷರ ಬರೆಯುವುದಿಲ್ಲ.

ಇದೀಗ ಅವರು ನಿವೃತ್ತರಾಗಿದ್ದಾರೆ. ಹೋದ ತಿಂಗಳು ಬಸದಿಯ ಈಗಿನ ಪಂಚರು ಅವರ ಮನೆಗೆ ಬಂದರು. ಮುಂದಾಳು ಶೆಟ್ಟರ ಮಗ. ಕಾಲ ಬದಲಾಗಿದೆ, ಹಳೆಯದನ್ನು ಮರೆಯೋಣ, ಸನ್ಮಾನವನ್ನು ಬಸದಿಯ ಪ್ರಾಂಗಣದಲ್ಲಿಯೇ ಇಟ್ಟುಕೊಳ್ಳೋಣ, ನೀವು ಮೊದಲು ಒಳಗೆ ಹೋಗಿ ದರ್ಶನ ಮಾಡಿಕೊಂಡು ಬನ್ನಿ ಎಂದು ಆಹ್ವಾನಿಸಿದರು. ಬಾಯಾರು ಅವರಿಗೆ ಬೆಲ್ಲ ನೀರು ಕೊಟ್ಟರು, ಮಕ್ಕಳು ಮರಿಗಳ ಆರೋಗ್ಯ ವಿಚಾರಿಸಿದರು. ಆಮೇಲೆ ಕೇಳಿದರು.

“ನನ್ನ ಒಳಗ ಕರಿಯಾಕ ಬಂದೀರಿ, ಸಂತೋಷ. ನಮ್ಮ ಅಣ್ಣನ ಕಡೆಯಿಂದ ಪೂಜಿ ಬಿಡಿಸಿದ್ದು ತಪ್ಪಾತು ಅಂತ ನಿಮ್ಮೊಳಗ ಹೇಳಾವರು ಯಾರ ಅದೀರಿ?”

ಜಿನಪ್ಪನವರು ಹಲಸಿಯಲ್ಲಿಯೇ ತೀರಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು. ಅವರ ಅಂತ್ಯಕ್ರಿಯೆಗೆ ಈ ಪಂಚರಲ್ಲಿ ಒಬ್ಬರೂ ಹೋಗಿರಲಿಲ್ಲ. ಬಂದವರು ಸಭೆ ಕೂಡಿಸಿ ವಿಚಾರ ಮಾಡಿ ತಿಳಿಸುತ್ತೇವೆಂದು ಎದ್ದು ಹೋದರು. ಇಂದಿನ ವರೆಗೆ ತಿಳಿಸಿಲ್ಲ. ಆದ್ದರಿಂದಲೇ ಸನ್ಮಾನ ಸಮಾರಂಭವು ಹೆಣ್ಣುಮಕ್ಕಳ ಶಾಲೆಯಲ್ಲಿ ನಡೆಯಲಿದೆ. ಸ್ಥಳ ಬದಲಾದದ್ದೇಕೆಂದು ಕೇಳಿದವರಿಗೆ, ಬಸದಿಯಲ್ಲಿ ಜಾಗ ಸಾಲದು ಎಂದು ಪಂಚರು ಹೇಳುತ್ತಿದ್ದಾರಂತೆ.

ಸುಂದರಾಬಾಯಿಯವರು ಕೆಲಸದಿಂದ ನಿವೃತ್ತರಾದರೂ ಅವರ ಕೈ ಸುಮ್ಮನಿರುವಂಥದಲ್ಲ. ಹಳ್ಳಿಗಳ ಸೂಲಗಿತ್ತಿಯರನ್ನು ಮನೆಯ ಅಂಗಳದಲ್ಲಿ ಕೂರಿಸಿಕೊಂಡು ಕಲಿಸತೊಡಗಿದ್ದಾರೆ. ಆ ಪಾಠ ಇನ್ನೂ ಬಹುಕಾಲ ನಡೆಯಲಿ. ಅವರು ಕಣ್ಣು ಕಿವಿ ಚುರುಕಾಗಿ ನೂರು ವರ್ಷ ಬಾಳಲಿ ಎಂದು ಅವರ ಶಿಷ್ಯೆಯಾದ ಈ ಲೇಖಕಿ ಮನಸಾರೆ ಹಾರೈಸುತ್ತಾಳೆ. ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದ ಪಂಚರೂ ಅಷ್ಟೇ ವರ್ಷ ಬಾಳಲಿ. ಅವರಲ್ಲಿ ಒಬ್ಬರೂ ಉತ್ತರ ಕೊಡದೆ ಸಾಯದಿರಲಿ.