ಖಂಡೇಪೂಜೆಯ ದಿನ ಕೈ ಹಿಡಿದವರು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವಳು ನಾನು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು, ಯಾರೋ ಹಿಂದಿನಿಂದ ಸೆರಗು ಎಳೆದರು, ಮೈಮೇಲೆ ಬಂತು ಎಂದು ಶುರು ಮಾಡಿದರೆ, ಮೊದಲು ಹೊಟ್ಟೆ ತುಂಬ ಉಣ್ಣಿ, ಎಲ್ಲ ಬಿಟ್ಟುಹೋಗುತ್ತದೆ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಬನವಾಸಿ ಹತ್ತಿರದ ಹಳ್ಳಿಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಗಂಡ ಎರಡೆಕರೆಯಲ್ಲಿ ಅನಾನಸ್ ಬೆಳೆಯುತ್ತಾರೆ. ನಾಲ್ಕು ವರ್ಷದ ಹಿಂದೆ ನನಗೆ ಎದೆಯ ಕ್ಯಾನ್ಸರ್ ಆಯಿತು. ಆಪರೇಷನ್ ಆದ ಮೇಲೆ ಮೂರು ವಾರಕ್ಕೊಮ್ಮೆ ಶಿರಸಿಯಿಂದ ಬಸ್ಸು ಹಿಡಿದು ಹುಬ್ಬಳ್ಳಿಗೆ ಕೀಮೋಗೆ ಹೋಗಬೇಕಿತ್ತು. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಕೈ ಸಾಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೂರನೇ ಸಲದ ಹೊತ್ತಿಗೆ ಬೆರಳಿನಿಂದ ಮುಂಗೈವರೆಗೆ ಏನು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಸೂಜಿ ಚುಚ್ಚಿದ್ದು, ರಕ್ತ ಬಟ್ಟೆಗೆ ಹತ್ತಿದ ಮೇಲೆಯೇ ತಿಳಿಯುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಸಿಟ್ಟು. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಗುಳಿಗೆ ನುಂಗಿದ ಮೂರು ದಿನ ನಿದ್ದೆಯಿಲ್ಲ, ಮೈಯೆಲ್ಲ ಬೆಂಕಿ. ನಾನು ಮೊದಲೇ ಬಾಯಿಬಡುಕಿ, ಆ ಮಾತು ಬೇರೆ. ಇದು ಕೈಗೆ ಇಳಿಯುವ ಸಿಟ್ಟು. ಒಂದು ದಿನ ರೊಟ್ಟಿ ಹಂಚನ್ನು ಒಲೆಯಿಂದ ಬರಿಗೈಯಲ್ಲಿ ಎತ್ತಿ ಗಂಡನತ್ತ ಎಸೆದೆ. ಅವರ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ನನ್ನ ಅಂಗೈ ಚರ್ಮ ಸುಲಿದದ್ದು ಅವರು ತೋರಿಸಿದಾಗಲೇ ನನಗೆ ಕಂಡಿತು. ಆ ಮನುಷ್ಯ ಚಕಾರ ಎತ್ತದೆ ಮುಲಾಮು ಹಚ್ಚಿದರು. ಆ ತಾಳ್ಮೆ ನೋಡಿ ನನಗೆ ಇನ್ನಷ್ಟು ಉರಿಯಿತು. ಇದನ್ನು ಡಾಕ್ಟರಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಐದನೇ ಕೀಮೋ ಮುಗಿಸಿ ಬಂದ ಮರುದಿನ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ. ನಮ್ಮಲ್ಲಿ ಅಂದು ದುಡಿಯುವ ಸಾಮಾನಿಗೆಲ್ಲ ರಜೆ. ಕತ್ತಿ, ಕುಡುಗೋಲು, ನನ್ನ ಕತ್ತರಿ ಎಲ್ಲವನ್ನೂ ಮಸೆದು ತೊಳೆದು ದೇವರ ಜಗಲಿಯ ಮುಂದೆ ಸಾಲಾಗಿಟ್ಟು ವಿಭೂತಿ ಎಳೆಯುತ್ತಾರೆ. ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಅವನ್ನು ಕದಲಿಸುವಂತಿಲ್ಲ. ಅಡುಗೆಗೆ ಬೇಕಾದ ಕಾಯಿಪಲ್ಲೆಯನ್ನೂ ಹಿಂದಿನ ದಿನವೇ ಹೆಚ್ಚಿಡುತ್ತೇವೆ.

ಮಧ್ಯಾಹ್ನ ಊಟಕ್ಕೆ ಗಂಡನ ಅಕ್ಕ ಬರುವವರಿದ್ದರು. ನಾನು ಸೆಕೆ ತಾಳಲಾರದೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ದೇವರ ಜಗಲಿಯ ಮುಂದೆ ಕೂತಿದ್ದೆ. ಗಂಡ ಒಳಗೆ ಬಂದು ಮೆಲ್ಲಗೆ ಹೇಳಿದರು.

“ತಲಿ ಮ್ಯಾಲ ಸೆರಗ ಹೊದ್ಕೊ. ಹಬ್ಬದ ದಿನ ಮುತ್ತೈದಿ ಹಿಂಗ ಕುಂದ್ರಬಾರ್ದು.”

“ನೀವ ಸತ್ತರ ಆ ಚಿಂತಿನ ಇರೂದಿಲ್ಲಲ್ರಿ” ಎಂದೆ.

ಹಾಗೆನ್ನುವಾಗಲೇ ವಿಭೂತಿ ಎಳೆದ ಹೊಸ ಕತ್ತಿ ನನ್ನ ಕೈಯಲ್ಲಿತ್ತು. ಅವರು ಹಿಂದೆ ಸರಿದರು, ಬೆನ್ನಿಗೆ ಗೋಡೆ ಸಿಕ್ಕಿತು. ಕೈ ಕೂಡ ಅಡ್ಡ ಹಿಡಿಯಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಬೀಸಿದೆ. ಹೆದರಿಸಲಿಕ್ಕಲ್ಲ, ಕುತ್ತಿಗೆ ನೋಡಿಯೇ ಬೀಸಿದೆ.

ಇಳಿಯುತ್ತಿದ್ದ ಕೈಯನ್ನು ಹಿಂದಿನಿಂದ ಯಾರೋ ಹಿಡಿದರು. ವಾರಗಟ್ಟಲೆ ಬೆಂಕಿಯೂ ತಿಳಿಯದಿದ್ದ ನನ್ನ ಮುಂಗೈಗೆ ಐದು ಬೆರಳೂ ಬೇರೆಬೇರೆಯಾಗಿ ತಿಳಿದವು. ಒರಟಾದ, ಬೆಚ್ಚಗಿನ ಬೆರಳುಗಳು. ಹೆಬ್ಬೆರಳು ನಾಡಿಯ ಮೇಲೆ ಒತ್ತಿತು, ಮೂಳೆ ಲಟಕ್ಕೆಂದಿತು. ಕತ್ತಿ ವಾಲಿ ಗಂಡನ ಹೆಗಲು ಸೀಳಿಕೊಂಡು ನೆಲಕ್ಕೆ ಬಿತ್ತು. ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.

ಶಿರಸಿಯ ಒಂದು ದವಾಖಾನೆಯಲ್ಲಿ ಒಂಬತ್ತು ಹೊಲಿಗೆ ಹಾಕಿದರು. ಅನಾನಸ್ ಕೊಯ್ಯುವಾಗ ಜಾರಿ ಕತ್ತಿಯ ಮೇಲೆ ಬಿದ್ದೆ ಎಂದು ಗಂಡ ಹೇಳಿದರು. ಇವತ್ತು ಕತ್ತಿ ಯಾರು ಹಿಡಿಯುತ್ತಾರೆ ಎಂದು ಕಾಂಪೌಂಡರ್ ಕೇಳಿದ.

ಹುಬ್ಬಳ್ಳಿಯ ಡಾಕ್ಟರಿಗೆ ಮಾತ್ರ ನಿಜ ಹೇಳಿದೆವು. ಮೊದಲೇ ಯಾಕೆ ಹೇಳಲಿಲ್ಲ ಎಂದು ಚೆನ್ನಾಗಿ ಬೈದು ಗುಳಿಗೆ ಇಳಿಸಿದರು, ಸಿಟ್ಟೂ ಇಳಿಯಿತು. ಮುಂಗೈ ನೀಲಿಗಟ್ಟಿದ್ದು ತೋರಿಸಿದೆ. ಈ ಔಷಧಕ್ಕೆ ಚರ್ಮದಡಿ ರಕ್ತ ಸುಮ್ಮನೇ ಒಸರುತ್ತದೆ, ನರಗಳೂ ಏನೇನೋ ಆಟ ಆಡುತ್ತವೆ ಎಂದರು. ಇರಬಹುದು. ಹಾಗಾದರೆ ಕಲೆ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದೇ ಯಾಕೆ ಎಂದು ಕೇಳಿದೆ. ಅವರು ಇನ್ನೊಮ್ಮೆ ನೋಡಿ, ಮುಂದಿನ ಪೇಷಂಟನ್ನು ಕರೆದರು.

ಗಂಡನಿಗೆ ಯಾವ ಅನುಮಾನವೂ ಇಲ್ಲ. “ನಿನ್ನ ಕೈ ನೀನ ತಡದಿ. ನಾ ನಿನ್ನ ಮಾರಿ ನೋಡಕೊಂತನ ನಿಂತಿದ್ದೆ” ಎನ್ನುತ್ತಾರೆ. ಎಂಥ ಹುಚ್ಚಿನಲ್ಲೂ ಹೆಂಡತಿ ತನ್ನನ್ನು ಕೊಲ್ಲಲಾರಳು ಎಂದು ಅಕ್ಕನ ಮುಂದೆಯೂ ಹೆಮ್ಮೆಯಿಂದ ಹೇಳಿದ್ದಾರೆ. ಅದೇ ನಂಬಿಕೆಯಿಂದ ದಿನಾ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಾರೆ.

ಹಿಡಿದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಡೆಯಲಿಲ್ಲ ಎನ್ನುವುದು ಮಾತ್ರ ಗೊತ್ತು. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.