ನಮ್ಮ ಜಗಲಿಯನ್ನು ರಸ್ತೆ ಮಾಡಿದ ಕಾಗದ

ನನ್ನ ತಮ್ಮ ಅವತ್ತು ನಿಂತಿದ್ದದ್ದು ನಮ್ಮ ಮನೆಯ ಜಗಲಿಯ ಮೇಲೆ. ರಸ್ತೆಯ ಅಂಚಿಗೂ ಆ ಜಗಲಿಗೂ ನಡುವೆ ಹದಿನಾಲ್ಕು ಹೆಜ್ಜೆ ಅಂಗಳವಿದೆ. ಆಮೇಲೆ ಎಷ್ಟೋ ಸಲ ಎಣಿಸಿ ನೋಡಿದ್ದೇನೆ. ಕೊಳ್ಳೇಗಾಲದ ಕೋರ್ಟಿನ ಕಟಕಟೆಯಲ್ಲಿ ಕೇಳಿದಾಗ ಮಾತ್ರ, ಅವನು ರಸ್ತೆಯ ಮಧ್ಯೆ ನಿಂತಿದ್ದ ಎಂದುಬಿಟ್ಟೆ.

ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಅಚ್ಚಿನ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದುತ್ತೇನೆ. ಕೈಬರಹ ಬಂದರೆ ಇರುವೆ ಸಾಲು ನೋಡಿದ ಹಾಗೆ. ಆದರೆ ನನ್ನ ಸೈನು ಚೆನ್ನಾಗಿತ್ತು. ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ ಎಳೆದು ಕೆಳಗೆ ಎರಡು ಚುಕ್ಕೆ ಇಡುತ್ತಿದ್ದೆ. ಲೊಕ್ಕನಹಳ್ಳಿಯ ಆ ಕಡೆ, ಕಾಡಿಗೆ ಅಂಟಿಕೊಂಡ ನಮ್ಮ ಊರಿನಲ್ಲಿ ನನ್ನ ವಯಸ್ಸಿನವರೆಲ್ಲ ಹೆಬ್ಬೆಟ್ಟು. ಆನೆ ನುಗ್ಗಿ ರಾಗಿ ತುಳಿದರೆ, ಹಂದಿ ಜೋಳ ಮುರಿದರೆ ಫಾರೆಸ್ಟ್ ಗಾರ್ಡು ಬಂದು ಬೆಳೆ ಪರಿಹಾರಕ್ಕೆ ಮಹಜರು ಬರೆಯುತ್ತಿದ್ದರು. ಸಾಕ್ಷಿಗೆ ಮೊದಲು ಕರೆಯುತ್ತಿದ್ದದ್ದು ನನ್ನನ್ನು. ನಾನು ಒಂದನ್ನೂ ಓದಿದವನಲ್ಲ. ನಮ್ಮ ಕಡೆ, ಬರೆದವರ ಎದುರಿಗೇ ಕಾಗದ ಓದಿ ನೋಡುವುದೆಂದರೆ ಬಡಿಸಿದ ಅನ್ನವನ್ನು ಮೂಸಿ ನೋಡಿದ ಹಾಗೆ. ನಂಬಿಕೆ ಇಲ್ಲದವನು ಮಾಡುವ ಕೆಲಸ ಅದು. ಈ ರೂಢಿ ನನಗೆ ಅನುಕೂಲವಾಗಿತ್ತು. ನನಗೆ ಓದಲು ಬರುವುದಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಹಾಗಂತ ನಾನು ಅಂದುಕೊಂಡಿದ್ದೆ.

ತಮ್ಮ ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು. ಕೊಳ್ಳೇಗಾಲದಲ್ಲಿ ಪಿಯುಸಿ ಮುಗಿಸಿ, ಅಲ್ಲಿಯ ಒಂದು ಸ್ಟುಡಿಯೋದಲ್ಲಿ ಮೂರು ವರ್ಷ ದುಡಿದು, ಅವರ ಹಳೆಯ ವಿಡಿಯೋ ಕ್ಯಾಮೆರಾವನ್ನೇ ತಂದುಕೊಂಡ. ಹೆಗಲ ಮೇಲೆ ಹೊರುವಂಥದ್ದು, ಒಳಗೆ ದೊಡ್ಡ ಕ್ಯಾಸೆಟ್ಟು. ಹನೂರು, ಬಂಡಳ್ಳಿ, ಶಾಗ್ಯ, ಎಲ್ಲಿ ಮದುವೆಯಾದರೂ ಅವನನ್ನೇ ಕರೆಯುತ್ತಿದ್ದರು. ಕ್ಯಾಮೆರಾ ಪಂಕ್ತಿಯ ಕಡೆ ತಿರುಗಿದರೆ ಜನ ಕೈಯಲ್ಲಿದ್ದ ತುತ್ತು ಬಾಯಿಗಿಡದೆ ಕಲ್ಲಿನ ಹಾಗೆ ಕೂರುತ್ತಾರೆ ಎಂದು ಹೇಳಿ ನಗಿಸುತ್ತಿದ್ದ.

ತೊಂಬತ್ತರ ನಂತರದ ವರ್ಷಗಳು ಅವು. ಕಾಡಿನಲ್ಲಿ ಅಡಗಿದ್ದ ದಂತಚೋರರಿಗೆ ಊರಿನವರು ಅಕ್ಕಿ ಬೇಳೆ ಮುಟ್ಟಿಸುತ್ತಾರೆ ಎಂಬ ಅನುಮಾನದ ಮೇಲೆ ಪೊಲೀಸರು ಕಂಡಕಂಡವರ ಚೀಲ ಬಿಚ್ಚಿಸುತ್ತಿದ್ದರು. ಎರಡು ಕೆಜಿಗಿಂತ ಹೆಚ್ಚು ಅಕ್ಕಿ ಕೊಂಡವನು ಕಳ್ಳ. ಬೀಡಿ ಕಟ್ಟು ಎರಡಿದ್ದವನು ಕಳ್ಳ. ನಮ್ಮ ಮನೆಯ ಎದುರಿನ ಹುಣಸೆ ಮರದ ಕೆಳಗೆ ಅವರ ಜೀಪು ಮೂರು ದಿನದಿಂದ ನಿಂತಿತ್ತು. ನಾವು ನಮ್ಮ ಅಂಗಳಕ್ಕೆ ಬರಲೂ ಕೆಮ್ಮಿ ಬರುವ ಹಾಗಾಗಿತ್ತು.

ಆ ಮಧ್ಯಾಹ್ನ ತಮ್ಮ ಜಗಲಿಯ ಮೇಲೆ ಕೂತು ಕ್ಯಾಮೆರಾದ ಗಾಜು ಒರೆಸುತ್ತಿದ್ದ. ಮಾರನೇ ದಿನ ಶಾಗ್ಯದಲ್ಲಿ ಮದುವೆ ಇತ್ತು. ನಾನು ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದೆ. ಊರಿನ ಕೊನೆಯ ಮನೆಯ ದನಗಾಹಿ ತಾತ ಅಕ್ಕಿ ಚೀಲ ಹೊತ್ತು ಬಂದ. ವರ್ಷದಲ್ಲಿ ನಾಲ್ಕು ತಿಂಗಳು ಕಾಡೊಳಗಿನ ದೊಡ್ಡಿಯಲ್ಲಿ ದನಗಳ ಜೊತೆಯಲ್ಲೇ ಇರುವವನು, ಕನ್ನಡಕ್ಕೆ ತಮಿಳು ಸೇರಿಸಿ ಮಾತಾಡುವವನು. ಜೀಪಿನವರು ತಡೆದು, ಅಕ್ಕಿ ಯಾರಿಗೆ ಎಂದು ಕೇಳಿದರು. ದೊಡ್ಡಿಗೆ, ನನ್ನ ಹೊಟ್ಟೆಗೆ ಎಂದ. ಒಬ್ಬ ಪೇದೆ ಚೀಲ ಕಿತ್ತುಕೊಂಡು ರಸ್ತೆಯ ಮೇಲೆ ಸುರಿದ. ಇನ್ನೊಬ್ಬ ತಾತನನ್ನು ಮಂಡಿಯೂರಿಸಿ, ಒಂದೊಂದೇ ಕಾಳು ಹೆಕ್ಕು ಎಂದ. ತಾತ ಹೆಕ್ಕತೊಡಗಿದ. ಆ ಕೈಯನ್ನು ಬೂಟುಗಾಲಿನಲ್ಲಿ ತುಳಿದರು. ಆಮೇಲೆ ಲಾಠಿ ತೆಗೆದುಕೊಂಡು ಮಂಡಿಯ ಹಿಂದೆ ಹೊಡೆದರು. ಆ ಸದ್ದು ನನಗೆ ಕೇಳಿಸಿತು. ನಾನು ಹಗ್ಗ ಹೊಸೆಯುತ್ತಲೇ ಇದ್ದೆ.

ತಮ್ಮ ಎದ್ದು ಕ್ಯಾಮೆರಾ ಹೆಗಲಿಗಿಟ್ಟುಕೊಂಡ.

ಪೊಲೀಸರು ಅವನನ್ನು ಕಾಣುವಷ್ಟರಲ್ಲಿ ಐದಾರು ನಿಮಿಷದ ಚಿತ್ರ ಹಿಡಿದಿದ್ದ. ಪೇದೆಗಳು ಅಂಗಳಕ್ಕೆ ನುಗ್ಗಿದರು.

"ಯಾವನ್ಲಾ ಅದು? ಇಳೀಲಾ ಕೆಳಕ್ಕೆ."

"ಇದು ನಮ್ಮನೆ ಜಗಲಿ ಸಾ," ಎಂದ ತಮ್ಮ. "ನಾನು ನಿಮ್ಮ ತಂಟೆಗ ಬಂದಿಲ್ಲ. ನಮ್ಮನೇಲಿ ನಿಂತಂಡು ಕಾಣೋದ್ನ ಹಿಡೀತಿವ್ನಿ. ಅದು ಯಾನ ತಪ್ಪು?"

ಯಾವ ತಪ್ಪೂ ಅಲ್ಲ. ಅದಕ್ಕೇ ಅವರಿಗೆ ಮೈ ಉರಿಯಿತು. ಜಗಲಿ ಹತ್ತಿ ಕ್ಯಾಮೆರಾ ಕಿತ್ತುಕೊಂಡರು, ಅವನ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡು ಹೋಗಿ ಜೀಪಿಗೆ ತುಂಬಿದರು. ಸಬ್ ಇನ್ಸ್‌ಪೆಕ್ಟರು ಮಾತ್ರ ನಿಧಾನವಾಗಿ ಅಂಗಳಕ್ಕೆ ಬಂದು ನನಗೆ ನಮಸ್ಕಾರ ಮಾಡಿದ.

"ಯಜಮಾನ್ರೆ, ಊರಲ್ಲಿ ಸೈನ್ ಹಾಕೋರು ನೀವೇ ಅಂತಲ್ಲ. ಕ್ಯಾಮೆರಾ ತಗೊಂಡಿದ್ದಕ್ಕೆ ಒಂದು ಮಹಜರು, ಅಷ್ಟೇ. ಸಂಜೆಗೆ ಹುಡುಗನ್ನ ಬಿಟ್ಬಿಡ್ತೀವಿ."

ಯಜಮಾನ್ರೆ ಎಂದನಲ್ಲ, ಅಷ್ಟಕ್ಕೇ ಕರಗಿದೆ. ಒಳಗಿನಿಂದ ಕುರ್ಚಿ ತರಿಸಿದೆ. ಮಜ್ಜಿಗೆ ತರಿಸಿದೆ. ತಾತನ ಕೈ ತುಳಿದವನಿಗೂ ನನ್ನ ಹೆಂಡತಿಯ ಕೈಯಲ್ಲಿ ಲೋಟ ಕೊಡಿಸಿದೆ. ಬರೆಯುವ ಪೇದೆ, ಎಲ್ಲರೂ ರೈಟರು ಎಂದು ಕರೆಯುತ್ತಿದ್ದವನು, ನಮ್ಮ ಜಗಲಿಯ ಮೇಲೆಯೇ ಕಾಲು ಚಾಚಿ ಕೂತು ಎರಡು ಹಾಳೆ ತುಂಬಿಸಿ ಪೆನ್ನನ್ನು ನನಗೆ ಚಾಚಿದ.

ಜೀಪಿನೊಳಗಿಂದ ತಮ್ಮ ಕೂಗಿದ. "ಅಣ್ಣ, ಓದ್ಬುಟ್ಟು ಹಾಕು."

ಅವನ ಮೇಲೆ ನನಗೆ ಎಂಥ ಸಿಟ್ಟು ಬಂತು ಅಂದರೆ, ಪೊಲೀಸರ ಮೇಲೆ ಕೂಡ ಅಷ್ಟು ಬಂದಿರಲಿಲ್ಲ. ಪಿಯುಸಿ ಓದಿದವನು ಸಾಹೇಬರ ಎದುರಿಗೆ ನನ್ನ ಮಾನ ತೆಗೆಯುತ್ತಿದ್ದಾನೆ ಅನ್ನಿಸಿತು. ಹಾಳೆಯನ್ನು ಕೈಗೆ ತೆಗೆದುಕೊಂಡೆ. ಸಾಲಿನಿಂದ ಸಾಲಿಗೆ ಕಣ್ಣು ಇಳಿಸಿದೆ. ನಡುವೆ ಒಂದು ಕಡೆ ನಿಂತು ತಲೆಯಾಡಿಸಿದೆ. ಒಂದಕ್ಷರವೂ ಹತ್ತಲಿಲ್ಲ. ಸೈನು ಹಾಕಿ, ಬಾಲ ಎಳೆದು, ಎರಡು ಚುಕ್ಕೆ ಇಟ್ಟೆ.

ತಮ್ಮನನ್ನು ಬಿಟ್ಟದ್ದು ಐದನೇ ದಿನ. ಬಲಗಾಲು ಊರಲಾಗುತ್ತಿರಲಿಲ್ಲ. ಶಾಗ್ಯದ ಮದುವೆ ಬೇರೆಯವರ ಕ್ಯಾಮೆರಾದಲ್ಲಿ ಮುಗಿದಿತ್ತು. ಅವನ ಮೇಲೆ ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಕೇಸು ಬಿತ್ತು. ನಾನು ಸೈನು ಹಾಕಿದ ಕಾಗದದಲ್ಲಿ ಏನಿತ್ತು ಎಂದು ಕೊಳ್ಳೇಗಾಲದ ವಕೀಲರು ಓದಿ ಹೇಳಿದರು. ಆರೋಪಿ ರಸ್ತೆಯ ಮಧ್ಯಕ್ಕೆ ಬಂದು, ಪೊಲೀಸರನ್ನು ತಳ್ಳಿ, ತಪಾಸಣೆಗೆ ಅಡ್ಡ ನಿಂತ. ಕ್ಯಾಮೆರಾವನ್ನು ರಸ್ತೆಯ ಮೇಲೆಯೇ ವಶಪಡಿಸಿಕೊಳ್ಳಲಾಯಿತು. ಕ್ಯಾಸೆಟ್ಟು ಖಾಲಿ. ತಾತನ ಮಾತೇ ಇಲ್ಲ. ಅಕ್ಕಿಯ ಮಾತೇ ಇಲ್ಲ.

ವಕೀಲರು ನನಗೆ ಬಿಡಿಸಿ ಹೇಳಿದರು. ಮನುಷ್ಯ ತನ್ನ ಮನೆಯಲ್ಲಿ ನಿಂತು ಬೀದಿಯಲ್ಲಿ ನಡೆಯುವುದನ್ನು ನೋಡಬಹುದು. ಬೀದಿಯಲ್ಲಿ ಪೊಲೀಸರಿದ್ದರೂ ನೋಡಬಹುದು. ಕಣ್ಣಿನಲ್ಲಿ ನೋಡಬಹುದಾದರೆ ಕ್ಯಾಮೆರಾದಲ್ಲಿ ನೋಡಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೇಸು ನಿಂತಿರುವುದು ಒಂದೇ ಮಾತಿನ ಮೇಲೆ, ಅವನು ಜಗಲಿಯಲ್ಲಿದ್ದನೋ ರಸ್ತೆಯಲ್ಲಿದ್ದನೋ. ಊರಿನವರು ಯಾರೂ ಬಾಯಿ ಬಿಡುವುದಿಲ್ಲ, ಮಹಜರಿಗೆ ಪಂಚನಾಗಿ, ಅಂದರೆ ಸಾಕ್ಷಿಯಾಗಿ ಸೈನು ಹಾಕಿದವರು ನೀವು. ಓದದೆ ಸೈನು ಹಾಕಿದೆ, ಅವನು ಜಗಲಿಯಲ್ಲಿದ್ದ ಎಂದು ಎರಡು ಮಾತು ಹೇಳಿ, ಸಾಕು.

ಎರಡು ಮಾತು. ಬಸ್ಸಿನಲ್ಲಿ ಹನೂರು ದಾಟಿ ಕೊಳ್ಳೇಗಾಲ ಮುಟ್ಟುವವರೆಗೂ ತುಟಿಯಲ್ಲಿ ಅಂದುಕೊಳ್ಳುತ್ತಲೇ ಹೋದೆ. ಕೋರ್ಟಿನ ಹೊರಗೆ ಟೀ ಅಂಗಡಿಯಲ್ಲಿ ಆ ರೈಟರು ಪಕ್ಕಕ್ಕೆ ಬಂದು ಕೂತ. ಓದದೆ ಸೈನು ಹಾಕಿದೆ ಎಂದು ಜಡ್ಜಿನ ಎದುರು ಒಪ್ಪಿಕೊಂಡರೆ, ಇಷ್ಟು ವರ್ಷ ಆನೆ ತುಳಿದದ್ದಕ್ಕೆ ಹಾಕಿದ ಸೈನುಗಳೆಲ್ಲ ಸುಳ್ಳಾಗುತ್ತವೆ, ಊರಿಗೆ ಊರೇ ನಿನ್ನನ್ನು ಬಯ್ಯುತ್ತದೆ ಎಂದು ನಗುತ್ತ ಹೇಳಿದ. ಊರಿನವರ ಮುಂದೆ ನಾನು ಎಷ್ಟೋ ವರ್ಷ ಈ ಮಾತನ್ನೇ ನೆಪ ಹೇಳಿಕೊಂಡು ಬಂದೆ. ರೈಟರು ಹೆದರಿಸಿದ, ಏನು ಮಾಡಲಿ ಎಂದು. ಅದು ಸುಳ್ಳು. ಅವನ ಮಾತಿಗೆ ನಾನು ಅಷ್ಟೇನೂ ಹೆದರಿರಲಿಲ್ಲ.

ಕಟಕಟೆ ಹತ್ತಿದಾಗ ಹಿಂದಿನ ಬೆಂಚಿನಲ್ಲಿ ನಮ್ಮ ಊರಿನ ನಾಲ್ಕು ಜನ ಕೂತಿದ್ದರು. ನನ್ನ ಮಗಳಿಗೆ ನೋಡಿದ್ದ ಹುಡುಗನ ಅಪ್ಪನೂ ಇದ್ದ. ಸರ್ಕಾರಿ ವಕೀಲ ಕಾಗದ ತೋರಿಸಿ, ಈ ಸಹಿ ನಿಮ್ಮದೇ ಎಂದು ಕೇಳಿದ. ಹೌದು ಎಂದೆ. ಓದಿ ಹಾಕಿದಿರಾ ಎಂದ.

"ಓದೇ ಹಾಕಿದ್ದು ಸಾ. ನಾನು ಓದ್ದೆ ಯಾವತ್ತೂ ಹಾಕವನಲ್ಲ."

ಹಾಗಾದರೆ ನಿಮ್ಮ ತಮ್ಮ ಎಲ್ಲಿ ನಿಂತಿದ್ದ ಎಂದ. ಓದೇ ಹಾಕಿದೆ ಎಂದವನು ಬೇರೆ ಏನು ಹೇಳಲು ಸಾಧ್ಯ? ರಸ್ತೆಯ ಮಧ್ಯೆ ಎಂದೆ.

ನಮ್ಮ ವಕೀಲರ ಮುಖ ಕೆಂಪಾಯಿತು. ಎದ್ದು ಬಂದು ಆ ಹಾಳೆಯನ್ನು ನನ್ನ ಕಣ್ಣ ಮುಂದೆ ಹಿಡಿದು, ಮೊದಲ ಸಾಲನ್ನು ಕೋರ್ಟಿಗೆ ಗಟ್ಟಿಯಾಗಿ ಓದಿ ಹೇಳಿ ಎಂದರು. ಹಾಳೆ ನೋಡಿದೆ. ಇರುವೆ ಸಾಲು. ಇನ್ನೊಂದು ಕ್ಷಣ ತಡೆದಿದ್ದರೆ ಸುಳ್ಳು ಬಯಲಾಗುತ್ತಿತ್ತು, ತಮ್ಮ ಗೆಲ್ಲುತ್ತಿದ್ದ.

ಹಿಂದೆ ನಿಂತಿದ್ದ ತಮ್ಮ ವಕೀಲರನ್ನು ಕರೆದ. ಅವರು ಹತ್ತಿರ ಹೋದಾಗ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಬ್ಯಾಡ ಸಾ. ಹಿಂದ ಊರ್ ಜನ ಕೂತವ್ರ. ಬುಟ್ಬುಡಿ ನಮ್ಮಣ್ಣನ್ನ."

ವಕೀಲರು ಏನೋ ವಾದಿಸಿದರು. ತಮ್ಮ ತಲೆಯಲ್ಲಾಡಿಸಿದ. ಅವರು ಹಾಳೆಯನ್ನು ಮೇಜಿನ ಮೇಲೆ ಹಾಕಿ, ಬೇರೆ ಪ್ರಶ್ನೆಯಿಲ್ಲ ಎಂದು ಕೂತರು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಇಳಿದು ಬಂದೆ.

ತೀರ್ಪಿನ ದಿನ ಸಂಜೆ ಕೋರ್ಟು ಮುಗಿಯುವವರೆಗೂ ಅವನನ್ನು ಕೂರಿಸಿ, ದಂಡ ಹಾಕಿ ಕಳಿಸಿದರು. ಸಣ್ಣ ಶಿಕ್ಷೆ ಎಂದು ಊರಿನವರು ಸಮಾಧಾನ ಹೇಳಿದರು. ಕೆಲವರು, ಅವನಿಗೆ ಯಾಕೆ ಬೇಕಿತ್ತು ಊರ ಉಸಾಬರಿ ಎಂದರು. ಆ ಮಾತಾಡಿದವರ ಹೊಲದಲ್ಲೇ ನಿಂತು ನಾನು ಆನೆಯ ಮಹಜರಿಗೆ ಸೈನು ಹಾಕಿದ್ದೆ. ಕ್ಯಾಮೆರಾ ವಾಪಸು ಬಂತು, ಒಳಗೆ ಬೂಷ್ಟು ಹಿಡಿದಿತ್ತು. ಕ್ಯಾಸೆಟ್ಟು ಬರಲೇ ಇಲ್ಲ. ಖಾಲಿ ಕ್ಯಾಸೆಟ್ಟಾಗಿದ್ದರೆ ಅದನ್ನು ಇಟ್ಟುಕೊಂಡು ಅವರೇನು ಮಾಡಿದರು? ಇದನ್ನು ಅವರನ್ನು ಕೇಳಿದವರು ಒಬ್ಬರೂ ಇಲ್ಲ, ನಾನೂ ಕೇಳಲಿಲ್ಲ.

ತಮ್ಮ ಯಳಂದೂರಿಗೆ ಹೋಗಿ ಒಂದು ಜೆರಾಕ್ಸ್ ಅಂಗಡಿ ಇಟ್ಟ. ಕ್ಯಾಮೆರಾ ಮುಟ್ಟಲಿಲ್ಲ. ಈಗಲೂ ಅಣ್ಣ ಎಂದೇ ಕರೆಯುತ್ತಾನೆ, ಹೋದರೆ ಊಟ ಹಾಕಿಸುತ್ತಾನೆ. ಅವನು ಒಂದು ಸಲ ಬೈದಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು. ಹೋದ ವರ್ಷ ಅವನ ಅಂಗಡಿಯಲ್ಲಿ, ಜನ ಇಲ್ಲದ ಹೊತ್ತು ನೋಡಿ, ಎಲ್ಲವನ್ನೂ ಹೇಳಿದೆ. ರೈಟರಿಗೆ ಹೆದರಿ ಅಲ್ಲ, ನನಗೆ ಓದಲು ಬರುವುದಿಲ್ಲ ಎಂದು ನಾಲ್ಕು ಜನಕ್ಕೆ ತಿಳಿಯುತ್ತದೆಂದು ನಿನ್ನನ್ನು ರಸ್ತೆಗೆ ನಿಲ್ಲಿಸಿದೆ ಎಂದೆ.

ಅವನು ಮಿಷನ್ ನಿಲ್ಲಿಸಲಿಲ್ಲ. ಹಾಳೆ ಜೋಡಿಸುತ್ತಲೇ ಹೇಳಿದ.

"ನಿಂಗ ಓದಕ್ಕ ಬರಲ್ಲ ಅಂತ ನಂಗ ಚಿಕ್ಕೋನಾಗಿಂದ್ಲೂ ಗೊತ್ತು ಕಣಣ್ಣ. ನನ್ನತ್ರ ಯಾಕ ಹೇಳ್ತೀಯ? ಆ ಕ್ಯಾಸೆಟ್ಟು ನಂದಲ್ಲ, ಆ ತಾತಂದು. ಅವನತ್ರ ಓಗಿ ಹೇಳು."

ತಾತ ಇನ್ನೂ ಇದ್ದಾನೆ. ತುಳಿಸಿಕೊಂಡ ಕೈಯ ಎರಡು ಬೆರಳು ಮಡಚುವುದಿಲ್ಲ. ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದೆಯೇ ದನ ಹೊಡೆದುಕೊಂಡು ಹೋಗುತ್ತಾನೆ, ಜಗಲಿಯ ಕಡೆ ತಿರುಗಿ ಆ ಕೈಯನ್ನೇ ಎತ್ತುತ್ತಾನೆ. ದನಗಳ ಗಂಟೆ ಕೇಳಿದ ಕೂಡಲೇ ನಾನು ಒಳಗೆ ಹೋಗುತ್ತೇನೆ. ತಮ್ಮ ಹೇಳಿ ವರ್ಷವಾಯಿತು. ತಾತನ ಮನೆ ನಮ್ಮ ಮನೆಯಿಂದ ಒಂದು ಕೂಗಳತೆಯಲ್ಲಿದೆ. ನಾನು ಇನ್ನೂ ಹೋಗಿಲ್ಲ.