ಕೊಬ್ಬರಿ ಎಣ್ಣೆ ಕುಡಿದ ಜೀಪು

ಅದು ೨೦೧೯ನೆಯ ಇಸವಿ. ನನಗಾಗ ನಲವತ್ತೊಂಬತ್ತು ವರ್ಷ. ಪ್ರೌಢಶಾಲೆಯ ಕನ್ನಡ ಮೇಷ್ಟ್ರ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಅರಸೀಕೆರೆಯಲ್ಲಿ ನೆಲೆಸಿದ್ದೆ. ನನ್ನ ಬಳಿ ಹಳೆಯದೊಂದು ಡೀಸೆಲ್ ಜೀಪು ಇತ್ತು. ಅಂಥ ಎಂಜಿನ್ನು ಅಡುಗೆಯ ಎಣ್ಣೆಯನ್ನೂ ಉರಿಸಿಕೊಂಡು ಓಡಬಲ್ಲದೆಂದು ಓದಿದ ದಿನ ನನಗೆ ಊಟವೇ ಸೇರಲಿಲ್ಲ. ಭಾವಮೈದುನನದು ಕೊಬ್ಬರಿ ಎಣ್ಣೆಯ ಮಿಲ್ಲು, ಇನ್ನೇನು ಬೇಕು!

ನನ್ನ ಹೆಂಡತಿ ಮಾತ್ರ ಮೊದಲೇ ಕರಾರು ಹಾಕಿದಳು.

“ದಾರಿಯಲ್ಲಿ ನಿಂತ ದಿನವೇ ಇದನ್ನು ಮಾರಬೇಕು. ಗೆಂಡೆಹಳ್ಳಿಯವರು ಆಗಲೇ ಎರಡು ಸಲ ಕೇಳಿದ್ದಾರೆ.”

ಒಪ್ಪಿದೆ. ಬೇಸಿಗೆಯಲ್ಲಿ ಡೀಸೆಲ್ಲಿಗೆ ಐದರಲ್ಲೊಂದು ಪಾಲು ಎಣ್ಣೆ ಬೆರೆಸಿದೆ, ಬಳಿಕ ಕಾಲು ಪಾಲು, ಕೊನೆಗೆ ಅರ್ಧಕ್ಕರ್ಧ. ಪ್ರತಿ ಸಲವೂ ಹೊಗೆಯ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಜೀಪು ಓಡಿತು! ಹೋದಲ್ಲೆಲ್ಲ ಹಬ್ಬದ ಬಚ್ಚಲುಮನೆಯ ವಾಸನೆ. ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯವನು ಮೂಗೆತ್ತಿ ಕೂಗಿದ:

“ಏನ್ ಮೇಷ್ಟ್ರೇ, ಗಾಡಿಗೂ ಎಣ್ಣೆನೀರು ಆಯ್ತಾ? ತಲೆ ಬಾಚಿ ಹೂ ಮುಡಿಸೋದೊಂದು ಬಾಕಿ ಐತೆ!”

ಡಿಸೆಂಬರಿನಲ್ಲಿ ಹಗರೆಯಲ್ಲಿ ನಾದಿನಿಯ ಮಗುವಿನ ನಾಮಕರಣ. ನಸುಕಿನಲ್ಲೇ ಹೊರಟೆವು. ಜಾವಗಲ್ಲಿನ ಬಯಲಿನಲ್ಲಿ ಚಳಿಗಾಳಿ ಮುಖಕ್ಕೆ ರಾಚುತ್ತಿತ್ತು. ಹಳೇಬೀಡಿನ ಕೆರೆ ದಾಟಿದ ಮೇಲೆ ಜೀಪು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಊರೊಳಗಿಂದ ಕರೆತಂದ ಮೆಕ್ಯಾನಿಕ್ ಫಿಲ್ಟರನ್ನು ಬಿಚ್ಚಿದ. ಒಳಗೆಲ್ಲ ಬೆಳ್ಳಗೆ, ತುಪ್ಪದಂತೆ ಹೆಪ್ಪುಗಟ್ಟಿದ ಎಣ್ಣೆ.

“ಅಲ್ಲ ಮೇಷ್ಟ್ರೇ, ಚಳೀಲಿ ನಿಮ್ಮನೇಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಕಿಲ್ವಾ?”

“ಆಗದೇ ಏನಪ್ಪ!” ಎಂದಳು ಹೆಂಡತಿ. “ಬೆಳಿಗ್ಗೆ ತಾನೇ ಬಾಟಲಿಯನ್ನು ಒಲೆ ಪಕ್ಕ ಇಟ್ಟು ಕರಗಿಸಿ, ತಲೆಗೆ ಹಚ್ಚಿಕೊಂಡು ಬಂದಿದ್ದಾರೆ!”

ನಿಜ. ಹುಟ್ಟಿದಂದಿನಿಂದ ಪ್ರತಿ ಚಳಿಗಾಲವೂ ಮಾಡುತ್ತ ಬಂದ ಕೆಲಸ ಅದು. ಬಚ್ಚಲಿನಲ್ಲಿ ತಿಳಿದಿದ್ದ ಸಂಗತಿ ಜೀಪಿನ ಬಳಿ ಬರುವಷ್ಟರಲ್ಲಿ ಮರೆತುಹೋಗಿತ್ತು. ನಾಮಕರಣಕ್ಕೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ನಕ್ಕಳು, ನಾನು ಗೋಗರೆದೆ. ಹಗರೆ ಬಂದಾಗ ಕರಾರು ಸ್ವಲ್ಪ ಸಡಿಲಿತು.

“ಇನ್ನೊಂದೇ ಒಂದು ಸಲ. ಇದೇ ಚಳಿ, ಇದೇ ದಾರಿ, ನಾನೂ ಕೂತಿರುತ್ತೇನೆ. ನಿಂತರೆ ಗೆಂಡೆಹಳ್ಳಿಗೇ” ಎಂದಳು.

ದಾರಿ ತೋರಿಸಿದವನು ಆ ಮೆಕ್ಯಾನಿಕ್ಕೇ. “ಹೊಂಗೆ ಎಣ್ಣೆ ಹಾಕಿ, ಅದು ನಮ್ ಚಳಿಗೆ ಜಗ್ಗಲ್ಲ” ಎಂದ. ಆದರೆ ಅದು ಮಂದ, ಕಾಯಿಸಿ ತೆಳುಗೊಳಿಸಬೇಕು. ಅದಕ್ಕಾಗಿ ರೇಡಿಯೇಟರಿನ ಬಿಸಿನೀರು ಎಣ್ಣೆಯ ಟ್ಯಾಂಕಿನೊಳಗೆ ಸುತ್ತಿ ಬರುವಂತೆ ತಾಮ್ರದ ಕೊಳವೆ ಕೂರಿಸಿದ. ಹೊರಡಲು ಬೇರೆಯದೊಂದು ಪುಟ್ಟ ಟ್ಯಾಂಕಿನಲ್ಲಿ ಡೀಸೆಲ್. ಎಂಜಿನ್ನು ಕಾದ ಮೇಲೆ ನಲ್ಲಿ ತಿರುಗಿಸಿದರೆ ಎಣ್ಣೆ.

ಸಂಕ್ರಾಂತಿಗೆ ಮೂರು ದಿನ ಮುಂಚೆ, ಕೊರೆಯುವ ಬೆಳಗಿನಲ್ಲಿ ಹೊರಟೆವು. ಜಾವಗಲ್ ಬರುವ ಮುನ್ನ ನಲ್ಲಿ ತಿರುಗಿಸಿದೆ. ಎಂಜಿನ್ನಿನ ಸದ್ದು ತುಸು ಗಡುಸಾಯಿತು. ಹೊಂಗೆಯ ಕಮಟು ವಾಸನೆ ಬಂತು. ಅವಳು ಕತ್ತು ಹೊರಳಿಸದೆ ಆಲಿಸುತ್ತಿದ್ದಳು. ಹಳೇಬೀಡು ಬಂತು, ಕೆರೆ ಬಂತು. ಹೋದ ಸಲ ಜೀಪು ನಿಂತಿದ್ದ ಜಾಗವೂ ಬಂತು.

“ದಾಟಿತು ರೀ! ಆ ಜಾಗ ದಾಟಿತು!” ಎಂದು ಕೂಗಿದವಳು ಅವಳು, ನಾನಲ್ಲ. “ಇನ್ನೂ ಸ್ವಲ್ಪ ಜೋರಾಗಿ ಬಿಡಿ!”

ಹಗರೆಯಲ್ಲಿ ಇಳಿದವಳು ತಂಗಿಯ ಮನೆಯ ಮೆಟ್ಟಿಲನ್ನೂ ಹತ್ತದೆ ಗೆಂಡೆಹಳ್ಳಿಯವರಿಗೆ ತಾನೇ ಫೋನು ಮಾಡಿದಳು: “ಜೀಪು ಕೊಡುವುದಿಲ್ಲ ಕಣ್ರೀ. ನಮಗೇ ಬೇಕು.”

ಅಂದು ೨೦೨೦ನೆಯ ಇಸವಿಯ ಜನವರಿ ೧೨, ಭಾನುವಾರ.